ಬೋರಲಗಲ್ಲು

ಗುಡದಿನ್ನಿಯಿಂದ ತಗ್ಗಿನಾಳಕ್ಕೆ ಇಳಿಯುವ ದಾರಿಯಲ್ಲಿ ಒಂದು ಹಳೆಯ ಕೆರೆಯ ಏರಿ ಸಿಗುತ್ತದೆ. ಕೆರೆ ಎನ್ನುವುದು ಈಗ ಹೆಸರಿಗಷ್ಟೇ. ಅದರ ಅಂಗಳದಲ್ಲಿ ಜಾಲಿ ಬೆಳೆದಿದೆ, ಏರಿಯ ನಡುವೆ ಎರಡು ಬಂಡಿ ಜೋಡಿಯಾಗಿ ಹಾಯುವಷ್ಟು ದೊಡ್ಡ ಬಾಯಿ ಬಿದ್ದಿದೆ. ಆ ಬಾಯಿಯ ಪಕ್ಕದಲ್ಲಿ ಆಳೆತ್ತರದ ಕಲ್ಲೊಂದು ಮುಖ ಅಡಿಯಾಗಿ ಮಲಗಿದೆ. ಅದೇ ಬೋರಲಗಲ್ಲು. ಅದರ ಒಂದು ಕಡೆ ಗುಡದಿನ್ನಿಯವರು 'ಸ್ವಾತಂತ್ರ್ಯವೀರ ಗಾದಿಲಿಂಗನ ಪುಣ್ಯಸ್ಥಳ' ಎಂದು ಬೋರ್ಡು ನೆಟ್ಟಿದ್ದಾರೆ. ಇನ್ನೊಂದು ಕಡೆ ತಗ್ಗಿನಾಳದವರು 'ನೀರುಪಾಲಾದ ಅಮಾಯಕರ ನೆಲ' ಎಂದು ನೆಟ್ಟಿದ್ದಾರೆ. ಹೋದ ವರ್ಷ ತಾಲೂಕಿನಿಂದ ಒಬ್ಬ ಅಧಿಕಾರಿ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತು, ಸರ್ಕಾರದ ಬೋರ್ಡು ಬರೆಸಬೇಕು ಎಂದರು. "ಅಜ್ಜಾರ, ಆತ ಹೋರಾಟಗಾರನೋ ಭಯೋತ್ಪಾದಕನೋ, ಒಂದ ಶಬ್ದದಾಗ ಹೇಳಿಬಿಡ್ರಿ" ಎಂದು ಕೇಳಿದರು. ಒಂದೇ ಶಬ್ದವಂತೆ! ನನ್ನ ಅಪ್ಪನ ಊರು ಗುಡದಿನ್ನಿ, ಅವ್ವನ ತವರು ತಗ್ಗಿನಾಳ. ಎರಡೂ ಕಡೆಯ ವಾದ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಕೇಳುವವರಿದ್ದರೆ ಇಡಿಯಾಗಿ ಕೇಳಲಿ, ಇಲ್ಲದಿದ್ದರೆ ಎದ್ದು ಹೋಗಲಿ.

ಹಿಂದೆ ಒಮ್ಮೆ, ಕುಂಪಣಿ ಸರ್ಕಾರದ ಕಾಲದಲ್ಲಿ, ಗುಡದಿನ್ನಿಯ ಮೇಲೊಂದು ಸಣ್ಣ ಕೋಟೆಯಿತ್ತು ಎನ್ನುತ್ತಾರೆ. ಕೋಟೆಯ ಕೆಳಗೆ ಈ ಕೆರೆ, ಕೆರೆಯ ಕೆಳಗೆ ಕಾಲುವೆಯ ಗುಂಟ ತಗ್ಗಿನಾಳ. ಮೇಲಿನವರು ಕೆಳಗಿನವರಿಗೆ ಹೆಣ್ಣು ಕೊಡುತ್ತಿದ್ದರು, ಕೆಳಗಿನವರು ಮೇಲಿನವರಿಗೆ ಜೋಳ ಕೊಡುತ್ತಿದ್ದರು. ಕೆರೆಯ ನೀರಗಂಟಿ, ಅಂದರೆ ತೂಬು ತೆರೆದು ನೀರು ಹಂಚುವವನು, ಗುಡದಿನ್ನಿಯ ಗಾದಿಲಿಂಗ. ತೂಬು ತೆರೆಯುವ ಮುಂಚೆ ಏರಿಯ ಮೇಲೆ ನಿಂತು ಹಲಗೆ ಬಡಿಯುವುದು ಅವನ ಮನೆತನದ ಕಟ್ಟಳೆ. ಆ ಸದ್ದು ಕೇಳಿದೊಡನೆ ತಗ್ಗಿನಾಳದವರು ಕಾಲುವೆಯಲ್ಲಿ ಬಿದ್ದುಕೊಂಡ ಎಮ್ಮೆಗಳನ್ನು ಹೊರಗೆ ಅಟ್ಟುವರು, ಆಡುವ ಮಕ್ಕಳನ್ನು ರಟ್ಟೆ ಹಿಡಿದು ದಡಕ್ಕೆ ಎಳೆಯುವರು. ಹಲಗೆ ಬಡಿಯದೆ ನೀರು ಬಿಟ್ಟದ್ದನ್ನು ಯಾವ ಮುದುಕರೂ ಕಂಡಿರಲಿಲ್ಲ. ಗಾದಿಲಿಂಗನ ಒಬ್ಬಳೇ ತಂಗಿ ಹುಲಿಗೆವ್ವನನ್ನು ಅದೇ ತಗ್ಗಿನಾಳಕ್ಕೆ ಕೊಟ್ಟಿದ್ದರು, ಅವಳಿಗೊಬ್ಬ ಮಗ. ಪ್ರತಿ ವರ್ಷ ನಾಗರಪಂಚಮಿಗೆ ಅಣ್ಣ ಬಂಡಿ ಕಟ್ಟಿಕೊಂಡು ಬಂದು ತಂಗಿಯನ್ನೂ ಸೋದರಳಿಯನನ್ನೂ ತವರಿಗೆ ಕರೆದೊಯ್ಯುತ್ತಿದ್ದ.

ಆ ವರ್ಷ ಬಂಡಿ ಬರಲಿಲ್ಲ. ಕಪ್ಪ ಕೊಡದ ಕೋಟೆಯನ್ನು ಕೆಡವಲು ಕುಂಪಣಿಯ ದಂಡು ಬಂದು, ಏರಿಯ ಕೆಳಗಿನ ಬಯಲಿನಲ್ಲಿ ಡೇರೆ ಹೊಡೆದಿತ್ತು. ದಾರಿಗಳೆಲ್ಲ ಬಂದಾದವು. ಗುಡದಿನ್ನಿಯಲ್ಲಿ ಕಾಳು ತೀರಿತ್ತು, ಕೂಸುಗಳಿಗೆ ಗಂಜಿಯೂ ಇರಲಿಲ್ಲ. ಇನ್ನೆರಡು ದಿನ ಬಿಟ್ಟರೆ ತೋಪುಗಳು ಕೋಟೆಯನ್ನು ನುಚ್ಚುನೂರು ಮಾಡುತ್ತಿದ್ದವು, ಇದು ಸುಳ್ಳಲ್ಲ. ಶ್ರಾವಣದ ಮಳೆಗೆ ಕೆರೆ ತುಂಬಿ ತುಳುಕುತ್ತಿತ್ತು. ಏರಿಯಲ್ಲಿ ಮಣ್ಣು ಜೊಳ್ಳಾದ ಜಾಗ ಯಾವುದೆಂಬುದು ನೀರಗಂಟಿಗೆ ಗೊತ್ತಿತ್ತು. ದಂಡಿನವರು ಬಂದೂಕು ಒರಗಿಸಿ ಮಧ್ಯಾಹ್ನದ ಊಟಕ್ಕೆ ಕುಳಿತ ಹೊತ್ತಿಗೆ ಗಾದಿಲಿಂಗ ನಾಲ್ಕು ಜನರೊಂದಿಗೆ ಹಾರೆ ಹಿಡಿದು ಏರಿ ಒಡೆದ. ಡೇರೆ, ತೋಪು, ಮದ್ದಿನ ಚೀಲ ಎಲ್ಲ ಕೊಚ್ಚಿಕೊಂಡು ಹೋದವು. ಅವನು ಹಲಗೆ ಬಡಿಯಲಿಲ್ಲ. ಬಡಿದಿದ್ದರೆ ದಂಡು ಎದ್ದು ನಿಲ್ಲುತ್ತಿತ್ತು. ಬಡಿಯದ್ದರಿಂದ ನೀರು ಸುಳಿವು ಕೊಡದೆ ತಗ್ಗಿನಾಳಕ್ಕೂ ನುಗ್ಗಿತು. ಕಾಲುವೆಯಲ್ಲಿ ಆಡುತ್ತಿದ್ದ ಮಕ್ಕಳು, ಬಟ್ಟೆ ಒಗೆಯುತ್ತಿದ್ದ ಹೆಂಗಸರು ನೀರುಪಾಲಾದರು. ಹುಲಿಗೆವ್ವನ ಮಗನೂ ಆ ಮಕ್ಕಳೊಳಗಿದ್ದ. ಪಂಚಮಿಗೆ ತವರಿಗೆ ಹೋಗಿದ್ದರೆ ಹುಡುಗ ಉಳಿಯುತ್ತಿದ್ದ. ಆದರೆ ಕರೆಯಬೇಕಾದ ಸೋದರಮಾವ ಏರಿಯ ಮೇಲಿದ್ದ.

ಉಳಿದ ಸಿಪಾಯಿಗಳು ಗಾದಿಲಿಂಗನನ್ನು ಹಿಡಿದು ಅಲ್ಲಿಯೇ ಹುಣಸೆಮರಕ್ಕೆ ನೇತುಹಾಕಿದರು. ಇವನು ದರೋಡೆಕೋರ, ರಾಜದ್ರೋಹಿ, ಇವನಿಗೆ ಅತ್ತವರೂ ದ್ರೋಹಿಗಳೇ ಎಂದು ಕುಂಪಣಿಯವರು ಡಂಗುರ ಹೊಡೆಸಿದರು. ದಂಡು ಕಾಲ್ತೆಗೆದದ್ದು ನಿಜ. ಮುಂದಿನ ಬೇಸಿಗೆಗೆ ಇಮ್ಮಡಿ ತೋಪು ತಂದು ಕೋಟೆಯನ್ನು ನೆಲಸಮ ಮಾಡಿದ್ದೂ ನಿಜ. ಈ ಎರಡನೆಯ ಮಾತನ್ನು ಗುಡದಿನ್ನಿಯ ಜನ ಭಾಷಣದಲ್ಲಿ ಹೇಳುವುದಿಲ್ಲ. ಕೋಟೆಯೊಳಗೆ ಎಷ್ಟು ಕೂಸುಗಳು ಹಸಿದು ಬಿದ್ದಿದ್ದವು ಎಂಬುದನ್ನು ತಗ್ಗಿನಾಳದ ಜನ ಹೇಳುವುದಿಲ್ಲ. ತಮಗೆ ಬೇಕಾದಷ್ಟನ್ನು ಕತ್ತರಿಸಿಕೊಂಡು ಉಳಿದದ್ದನ್ನು ಎಸೆಯುವುದಕ್ಕೆ ಇದೇನು ಕುಂಬಳಕಾಯಿಯೇ?

ಗುಡದಿನ್ನಿಯವರು ಗಾದಿಲಿಂಗನ ಹೆಸರಿನಲ್ಲಿ ಒಂದು ವೀರಗಲ್ಲು ಕೆತ್ತಿಸಿ ಏರಿಯ ಮೇಲೆ ನಿಲ್ಲಿಸಿದರು. ತಗ್ಗಿನಾಳದವರು ಬಂದು ಅದನ್ನು ಬೋರಲು ಕೆಡವಿದರು. "ಎಮ್ಮೆಗಾಗಿ ಹಲಗೆ ಬಡಿದ ಕೈ ನಮ್ಮ ಮಕ್ಕಳಿಗಾಗಿ ಬಡಿಯಲಿಲ್ಲ, ಅಂಥವನು ವೀರನೇ?" ಎಂಬುದು ಅವರ ಮಾತು. "ಅವನು ಬಡಿದಿದ್ದರೆ ಮೇಲಿನ ಊರೇ ಇರುತ್ತಿರಲಿಲ್ಲ" ಎಂಬುದು ಇವರ ಮಾತು. ಇವರು ಎತ್ತಿ ನಿಲ್ಲಿಸುವುದು, ಅವರು ಕೆಡವುವುದು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಒಂದು ವರ್ಷ ಹೀಗೆಯೇ ಹೋಯಿತು. ಮರುವರ್ಷದ ಪಂಚಮಿಯ ದಿನ ಎರಡೂ ಊರಿನವರು ಹಾರೆ, ಬಡಿಗೆ ಹಿಡಿದು ಏರಿಯ ಮೇಲೆ ಕೂಡಿದರು. ಕಲ್ಲು ಆಗ ಬೋರಲು ಬಿದ್ದಿತ್ತು. ಹುಲಿಗೆವ್ವ ಹಾಲಿನ ಗಿಂಡಿ ಹಿಡಿದು ಅಲ್ಲಿಗೆ ಬಂದಳು.

ಪಂಚಮಿಯ ಹಾಲೆರೆಯುವಾಗ ದೇವರ ಪಾಲು, ಗುರುವಿನ ಪಾಲು, ಆಮೇಲೆ ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಅವರ ಪಾಲು ಎಂದು ಹೇಳುತ್ತ ಎರೆಯುವುದು ನಮ್ಮ ಕಡೆಯ ವಾಡಿಕೆ. ಗುಡದಿನ್ನಿಯ ಹಿರಿಯರು, "ಎರಿ ಮಗಳ, ಅಣ್ಣನ ಪಾಲು ಎರಿ. ಊರಿನ ಮಾನ ಉಳಸು" ಎಂದರು. ಅವಳ ಮಾವ ಎದುರು ನಿಂತು, "ಕೊಲೆಗಡುಕಗ ಹಾಲೆರದರ ನಮ್ಮ ಹೊಸ್ತಿಲಾ ತುಳಿಬ್ಯಾಡ" ಎಂದ. ಅತ್ತ ದರಿ, ಇತ್ತ ಪುಲಿ. ಹುಲಿಗೆವ್ವ ಯಾರ ಮುಖವನ್ನೂ ನೋಡದೆ ಕಲ್ಲಿನ ಬೆನ್ನ ಮೇಲೆಯೇ ಹಾಲೆರೆದಳು. "ಅಣ್ಣನ ಪಾಲು" ಎಂದಳು. ಗುಡದಿನ್ನಿಯವರು ಜೈಕಾರ ಹಾಕುವಷ್ಟರಲ್ಲಿ, "ಅಂವ ಕೊಂದ ನನ್ನ ಮಗನ ಪಾಲು" ಎಂದು ಉಳಿದ ಹಾಲನ್ನೂ ಅಲ್ಲಿಯೇ ಸುರಿದಳು.

ಎರಡೂ ಕಡೆ ಬೆಂಕಿ ಹತ್ತಿತು. ವೀರನ ಕಲ್ಲಿನ ಮೇಲೆಯೇ ಆ ವೀರನನ್ನು ಕೊಲೆಗಾರ ಎಂದಳಲ್ಲ ಎಂದು ತವರಿನವರು ಹರಿಹಾಯ್ದರು. ಕೊಂದವನನ್ನು ಅಣ್ಣ ಎಂದಳಲ್ಲ ಎಂದು ಗಂಡನ ಮನೆಯವರು ಹರಿಹಾಯ್ದರು. ಒಂದು ಮಾತು ಹಿಂತೆಗೆದುಕೋ, ಯಾವುದಾದರೂ ಒಂದನ್ನು ಹೇಳು ಎಂದು ಸುತ್ತ ನಿಂತು ಕಾಡಿದರು. ಅವಳು ಕಲ್ಲಿನ ಮೇಲೆಯೇ ಕುಳಿತುಬಿಟ್ಟಳು. "ಅಂವ ನನ್ನ ಅಣ್ಣಾನೂ ಹೌದು, ನನ್ನ ಮಗನ್ನ ಕೊಂದಾವನೂ ಹೌದು. ಎರಡೂ ನನ್ನ ಹೊಟ್ಟ್ಯಾಗ ಅದಾವ. ನಿಮಗ ಒಂದ ಬೇಕಂದರ ನಾ ಎಲ್ಲಿಂದ ತರ್ಲಿ? ಕಲ್ಲ ಎತ್ತಾವರು ನನ್ನೂ ಎತ್ರಿ, ಒಡಿಯಾವರು ನನ್ನೂ ಒಡೀರಿ" ಎಂದಳು. ಎತ್ತಲು ಬಂದವರೂ ಒಡೆಯಲು ಬಂದವರೂ ಹಾರೆ ಕೆಳಗಿಳಿಸಿದರು.

ಅಂದಿನಿಂದ ಕಲ್ಲನ್ನು ಯಾರೂ ಮುಟ್ಟಲಿಲ್ಲ, ಜಾಗಕ್ಕೆ ಬೋರಲಗಲ್ಲು ಎಂಬ ಹೆಸರೇ ನಿಂತಿತು ಎನ್ನುತ್ತಾರೆ. ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸಿ ಕೈಮುಗಿಯುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಆ ಸಂಜೆ ಹುಲಿಗೆವ್ವ ಗಂಡನ ಮನೆಗೆ ಹೋದರೆ ಬಾಗಿಲು ಹಾಕಿತ್ತು. ತವರಿಗೆ ಹೋದರೆ ಅಲ್ಲಿಯೂ ಹಾಕಿತ್ತು. ಏರಿಯ ಮೇಲೊಂದು ಜೋಪಡಿ ಹಾಕಿಕೊಂಡು, ದಾರಿಹೋಕರು ಕೊಟ್ಟದ್ದನ್ನು ಉಂಡು ಅವಳು ಮುದುಕಿಯಾದಳು. ಸತ್ತಾಗ, ನಮ್ಮವಳಲ್ಲ ಎಂದು ಇವರೆಂದರು, ನಮ್ಮವಳಲ್ಲ ಎಂದು ಅವರೆಂದರು. ದಾರಿಯಲ್ಲಿ ಹೋಗುತ್ತಿದ್ದ ಕುರುಬರು ಮಣ್ಣು ಮಾಡಿ ಹೋದರಂತೆ. ಎಲ್ಲಿ ಎಂಬುದೂ ಗೊತ್ತಿಲ್ಲ. ಥೂ, ಎಂಥ ಜನವಪ್ಪ ನಾವು!

ಈಗಲೂ ಪಂಚಮಿಯ ದಿನ ಬಂದವರು ನೋಡಬಹುದು. ಗಂಡಸರು ತಮ್ಮ ತಮ್ಮ ಬೋರ್ಡಿನ ಕೆಳಗೆ ನಿಂತು ಘೋಷಣೆ ಕೂಗುತ್ತಾರೆ. ಕಲ್ಲಿನ ಅಡಿಮುಖದಲ್ಲಿ ಏನು ಕೆತ್ತಿದೆ ಎಂಬುದನ್ನು ಬದುಕಿರುವವರು ಯಾರೂ ಕಂಡಿಲ್ಲ, ಆದರೂ ಕಂಡವರಂತೆ ಆಣೆ ಮಾಡುತ್ತಾರೆ. ಹೆಂಗಸರು ಮಾತ್ರ ಎರಡೂ ಊರುಗಳಿಂದ ಬಂದು ಕಲ್ಲಿನ ಬೆನ್ನ ಮೇಲೆ ಹಾಲೆರೆಯುತ್ತಾರೆ. ಅಣ್ಣನ ಪಾಲು ಎನ್ನುತ್ತಾರೆ, ಮಗನ ಪಾಲು ಎನ್ನುತ್ತಾರೆ. ಈ ವರ್ಷ ನನಗೆ ತಡೆಯಲಾಗಲಿಲ್ಲ. "ಹುಲಿಗೆವ್ವನ ಪಾಲು ಅಂತ ಒಂದು ಹನಿ ಎರೀರಲ್ಲಾ, ತಾಯಿಗಳಿರಾ!" ಎಂದು ಕೂಗಿದೆ. ತಗ್ಗಿನಾಳದ ಸೊಸೆಯೊಬ್ಬಳು ಗಿಂಡಿ ಹಿಡಿದವಳು ತಡೆದು ನಿಂತಳು. ಗುಡದಿನ್ನಿಯ ಹೆಂಗಸರ ಕಡೆ ನೋಡಿದಳು, ಅವರೂ ಇವಳ ಕಡೆ ನೋಡಿದರು. ಕಡೆಗೆ, "ಎರಿಯಾಕ ಏನೂ ಅಡ್ಡಿ ಇಲ್ಲ ಬಿಡು ಅಜ್ಜಾ" ಎಂದಳು. "ಆದರ ಪಾಲು ಅಂದರ ಒಂದು ಮನಿಯಾಕಿ ಆಗಿರಬೇಕಲ್ಲ. ಆಕಿದು ಯಾವ ಮನಿ ಅಂತ ಎರೀಲಿ?"