ಹೊಂಬಾಳೆಪುರದ ಹಿತ್ತಾಳೆ ಆನೆ

ತನ್ನ ಜಲಗಜದಲ್ಲಿ ಕುಂದು ಹುಡುಕಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲವೆಂದು ಯಂತ್ರಾಚಾರ್ಯ ಭದ್ರಶರ್ಮ ತುಂಬಿದ ಸಭೆಯಲ್ಲಿ ಸಾರಿದಾಗ ಹೊಂಬಾಳೆಪುರದ ಪಂಡಿತರೆಲ್ಲ ತಲೆದೂಗಿದರು. ತಲೆದೂಗಿದವರಲ್ಲಿ ಒಬ್ಬನೂ ತನ್ನ ಜೀವಮಾನದಲ್ಲಿ ಒಂದು ಕೊಡ ನೀರು ಹೊತ್ತವನಲ್ಲ.

ಜಲಗಜವೆಂದರೆ ಆಚಾರ್ಯ ಮೂರು ವರ್ಷ ದುಡಿದು ಊರ ನಡುವಿನ ಚೌಕದಲ್ಲಿ ನಿಲ್ಲಿಸಿದ್ದ ಹಿತ್ತಾಳೆಯ ಆನೆ. ಅದರ ಮುಂಗಾಲುಗಳಲ್ಲಿ ಒಂದೊಂದು ಚಕ್ರ: ಬಲಗಡೆ ಸೂರ್ಯಚಕ್ರ, ಎಡಗಡೆ ಚಂದ್ರಚಕ್ರ. ಎರಡನ್ನೂ ಒಮ್ಮೆಗೇ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಗಿಸಿದರೆ ನೆಲದಡಿಯ ನೀರು ಮೇಲೇರಿ ಸೊಂಡಿಲಿನಿಂದ ಧುಮುಕುತ್ತಿತ್ತು. ಸೊಂಡಿಲು ಸುಮ್ಮನಿರುವಂಥದ್ದಲ್ಲ, ನಿಜವಾದ ಆನೆಯದರಂತೆ ಅತ್ತಿತ್ತ ತೂಗಾಡುತ್ತಿತ್ತು. ಇಷ್ಟನ್ನೂ ಒಬ್ಬರೇ ನಡೆಸಬಹುದೆಂಬುದು ಆಚಾರ್ಯನ ಹೆಮ್ಮೆ. ಒಬ್ಬರೇ ನಡೆಸಬೇಕು ಕೂಡ, ಏಕೆಂದರೆ ಅದು ನಿಂತಿದ್ದ ಜಗಲಿಯ ಮೇಲೆ ಎರಡನೆಯವರು ಕಾಲಿಟ್ಟರೆ ತೂಕ ತಪ್ಪಿ ಆನೆ ಬಹಳ ಗಾಂಭೀರ್ಯದಿಂದ ಕುಳಿತುಬಿಡುತ್ತಿತ್ತು.

ನೀರು ಹೊರುವ ಹೆಂಗಸರು ಮೊದಲ ದಿನ ಆನೆಯನ್ನು ನೋಡಿದರು, ಎರಡನೆಯ ದಿನ ಕೈಮುಗಿದರು, ಮೂರನೆಯ ದಿನದಿಂದ ಅದಕ್ಕೊಂದು ಸುತ್ತು ಹಾಕಿ ಊರಾಚೆಯ ಹಳೆಯ ಬಾವಿಗೇ ಹೋಗತೊಡಗಿದರು.

ಅರಸ ಕುವಲಯಪಾಲನಿಗೆ ಇದು ಅವಮಾನವೆನಿಸಿತು. ಇದಕ್ಕೇನು ಮಾಡಬೇಕೆಂದು ಆಚಾರ್ಯನನ್ನು ಕೇಳಿದ. ಹೆಂಗಸರಿಗೆ ತಿಳಿವಳಿಕೆ ಸಾಲದು, ಹಳೆಯ ಬಾವಿಯನ್ನು ಮಣ್ಣು ಹಾಕಿ ಮುಚ್ಚಿಸಿದರೆ ತಾನಾಗಿಯೇ ಬರುತ್ತದೆ ಎಂದು ಆಚಾರ್ಯ ಹೇಳಿದ. ಬಾವಿ ಮುಚ್ಚುವ ಆಜ್ಞೆ ಅಲ್ಲಿಯೇ ಹೊರಟಿತು.

ಆಸ್ಥಾನದಲ್ಲಿ ಮಾಚರಸನೆಂಬ ಒಬ್ಬ ಮಾತುಗಾರನಿದ್ದ. ಆಜ್ಞೆಯನ್ನು ಎರಡು ದಿನ ತಡೆಯಬೇಕೆಂದು ಅವನು ಬೇಡಿಕೊಂಡ. ಅರಸ ಮೀಸೆಯಲ್ಲೇ ನಕ್ಕ. ನಾಳಿನ ಸಭೆಯಲ್ಲಿ ಮಾಚರಸ ಯಂತ್ರದ ಒಂದು ಕುಂದನ್ನು ತೋರಿಸಿದರೆ ಬಾವಿ ಉಳಿಯುತ್ತದೆ. ತೋರಿಸದಿದ್ದರೆ ನಾಡಿದ್ದು ಮೊದಲ ಬುಟ್ಟಿ ಮಣ್ಣನ್ನು ಅವನೇ ಸುರಿಯಬೇಕು ಎಂದ.

ಮಾಚರಸ ನೆಟ್ಟಗೆ ಚೌಕಕ್ಕೆ ಹೋಗಿ, ಒಂದು ಬಿಂದಿಗೆಯನ್ನು ಸೊಂಡಿಲಿನ ಕೆಳಗಿಟ್ಟು, ಎರಡೂ ಚಕ್ರ ಹಿಡಿದು ತಿರುಗಿಸಿದ. ನೀರು ಬಂತು. ಎಡಕ್ಕೆ ಬಿತ್ತು, ಬಲಕ್ಕೆ ಬಿತ್ತು, ಅವನ ಪೇಟದ ಮೇಲೆ ಬಿತ್ತು. ಚಕ್ರ ಬಿಟ್ಟು ಬಿಂದಿಗೆ ಎತ್ತಿಕೊಂಡ; ನೀರು ನಿಂತಿತು. ಮತ್ತೆ ಚಕ್ರಕ್ಕೆ ಕೈಹಾಕಿದ; ನೀರು ಅವನ ಬೆನ್ನಿಗೆ ಬಂತು. ಹೀಗೆ ಏಳು ಸಲ ಆನೆಗೂ ಅವನಿಗೂ ನಡೆಯಿತು. ಕೊನೆಗೆ ಬಿಂದಿಗೆಯಲ್ಲಿದ್ದದ್ದು ಒಂದು ಬೊಗಸೆ, ಮೈಮೇಲೆ ನಾಲ್ಕು ಕೊಡ.

ಬಾವಿಯ ಕಡೆಯಿಂದ ಬರುತ್ತಿದ್ದ ಸಂಕವ್ವ ನಿಂತು ನೋಡಿದಳು. ನೀರು ಹೊರುವವರಿಗೆಲ್ಲ ಹಿರಿಯಳಾದ ಅವಳ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ತುಂಬಿದ ಕೊಡ.

"ಏನ್ ಬುದ್ಧಿ, ನೀರಿಗೆ ಬಂದಿರೋ, ಸ್ನಾನಕ್ಕೋ?"

ಮಾಚರಸ ಪೇಟ ಹಿಂಡುತ್ತ, ಅವಳೇಕೆ ಇಲ್ಲಿಗೆ ಬರುವುದಿಲ್ಲವೆಂದು ಕೇಳಿದ. ಆನೆ ಬಂದಾಗಿನಿಂದ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಸಂಕವ್ವ ತುಸು ಹೊತ್ತು ಅವನ ಮುಖವನ್ನೇ ನೋಡಿದಳು. ಅನಂತರ ಹೇಳಿದಳು. ಹೇಳಲು ಬಹಳ ಹೊತ್ತು ಹಿಡಿಯಲಿಲ್ಲ.

ಮರುದಿನ ಸಭೆ ಕಿಕ್ಕಿರಿದಿತ್ತು. ಸಂಕವ್ವನೂ ಬಾಗಿಲ ಬಳಿ ನಿಂತಿದ್ದಳು. ಮಾಚರಸ ಎದ್ದು ಕೈಮುಗಿದು, ಇಡೀ ದಿನ ಹುಡುಕಿದರೂ ಯಂತ್ರದಲ್ಲಿ ಕುಂದು ಸಿಗಲಿಲ್ಲವೆಂದು ಒಪ್ಪಿಕೊಂಡ. ಆಚಾರ್ಯನ ಮುಖ ಅರಳಿತು. ಬಾಗಿಲ ಬಳಿ ಸಂಕವ್ವನ ಮುಖ ಬಾಡಿತು.

"ಕುಂದಿರುವುದು ಹೆಂಗಸರಲ್ಲಿ, ಮಹಾಪ್ರಭು," ಎಂದ ಮಾಚರಸ. "ಯಂತ್ರವನ್ನು ಎಳ್ಳಷ್ಟೂ ತಿದ್ದುವಂತಿಲ್ಲ. ಆದ್ದರಿಂದ ಹೆಂಗಸರನ್ನೇ ತಿದ್ದಿಸಬೇಕು. ಎಂಥವಳು ಬೇಕೆಂದು ಆಚಾರ್ಯರು ಅಳತೆ ಹೇಳಲಿ, ಕರಣಿಕರು ಬರೆದುಕೊಳ್ಳಲಿ."

ತನ್ನ ಯಂತ್ರವನ್ನು ವಿವರಿಸುವ ಅವಕಾಶವನ್ನು ಆಚಾರ್ಯ ಎಂದೂ ಬಿಟ್ಟವನಲ್ಲ. ಬಲಗೈ ಸೂರ್ಯಚಕ್ರದ ಮೇಲೆ, ಎಡಗೈ ಚಂದ್ರಚಕ್ರದ ಮೇಲೆ. ಎರಡರಲ್ಲಿ ಯಾವುದನ್ನೂ ಬಿಡುವಂತಿಲ್ಲ ಎಂದ. ಕರಣಿಕ ಎರಡು ಕೈ ಎಂದು ಬರೆದ. ಬಿಂದಿಗೆಯನ್ನೇನು ಮಾಡುವುದೆಂದು ಮಾಚರಸ ವಿನಯದಿಂದ ಕೇಳಿದ. ಅದನ್ನು ಕೈಯಲ್ಲಿ ಹಿಡಿದು ಸೊಂಡಿಲು ಹೋದತ್ತ ಒಯ್ಯಬೇಕೆಂದ ಆಚಾರ್ಯ. ಕರಣಿಕ ಮೂರು ಎಂದು ತಿದ್ದಿದ. ಮೊದಲೇ ತುಂಬಿ ತಲೆಯ ಮೇಲಿಟ್ಟುಕೊಂಡ ಕೊಡ ಆ ಓಡಾಟದಲ್ಲಿ ಉರುಳೀತಲ್ಲವೇ ಎಂದು ಮಾಚರಸ ಕೇಳಿದ.

"ಅದನ್ನೊಂದು ಕೈಯಲ್ಲಿ ಹಿಡಿದುಕೊಳ್ಳಬೇಕು. ಅಷ್ಟೂ ತಿಳಿಯುವುದಿಲ್ಲವೇ?"

ಕರಣಿಕ ನಾಲ್ಕು ಎಂದು ತಿದ್ದಿ, ಲೇಖನಿ ಕೆಳಗಿಟ್ಟು, ಮೇಲ್ಛಾವಣಿಯನ್ನು ನೋಡತೊಡಗಿದ. ಅರಸ ಸಿಂಹಾಸನದಲ್ಲಿ ಕುಳಿತೇ ಗಾಳಿಯಲ್ಲಿ ಚಕ್ರ ತಿರುಗಿಸಿ ನೋಡಿಕೊಂಡ. ಎರಡು ಸಲ ನೋಡಿಕೊಂಡ.

"ಮಾಚರಸ, ನಾಲ್ಕು ಕೈಯ ಹೆಂಗಸು ನಮ್ಮ ರಾಜ್ಯದಲ್ಲಿ ಎಲ್ಲಿದ್ದಾಳಯ್ಯ?"

"ಒಬ್ಬಳಿದ್ದಾಳೆ ಮಹಾಪ್ರಭು, ಕೋಟೆಯ ದುರ್ಗಿಯ ಗುಡಿಯಲ್ಲಿ. ನಿನ್ನೆಯೇ ಹೋಗಿ ವಿಚಾರಿಸಿದೆ. ಒಂದು ಕೈಯಲ್ಲಿ ಶಂಖ, ಒಂದರಲ್ಲಿ ಚಕ್ರ, ಒಂದರಲ್ಲಿ ತಮಗೆ ಅಭಯ ಕೊಡುತ್ತಿದ್ದಾಳೆ. ನಾಲ್ಕನೆಯದನ್ನು ಸೊಂಟದ ಮೇಲಿಟ್ಟುಕೊಂಡು ಅಭಿಷೇಕದ ನೀರಿಗಾಗಿ ಕಾಯುತ್ತ ನಿಂತಿದ್ದಾಳೆ. ಆ ನೀರು ತರುವವಳು ಸಂಕವ್ವ. ತರುವುದು ತಾವು ನಾಳೆ ಮುಚ್ಚಿಸಲಿರುವ ಬಾವಿಯಿಂದ."

ಅರಸ ನಕ್ಕ ನಗೆಗೆ ಕಿರೀಟ ಜಾರಿ ಮಡಿಲಿಗೆ ಬಿತ್ತು. ಪಂಡಿತರು, ನಗಬೇಕೆಂದು ಖಚಿತವಾದ ಮೇಲೆ, ನಕ್ಕರು. ಬಾವಿ ಮುಚ್ಚುವ ಆಜ್ಞೆ ಅಲ್ಲಿಯೇ ರದ್ದಾಯಿತು. ಇನ್ನೊಂದು ಆಜ್ಞೆ ಹೊರಟಿತು: ಆಚಾರ್ಯ ಮುಂದೇನನ್ನಾದರೂ ಕಟ್ಟುವ ಮೊದಲು ಹದಿನೈದು ದಿನ ಸಂಕವ್ವನ ಹಿಂದೆ ನೀರು ಹೊರಬೇಕು.

ಹದಿನಾರನೆಯ ದಿನ ಭದ್ರಶರ್ಮ ಸೊಂಟ ಹಿಡಿದುಕೊಂಡು ಸಭೆಗೆ ಬಂದು ಒಂದು ಓಲೆಯನ್ನು ಮುಂದಿಟ್ಟ. ಈ ಸಲ ಎಷ್ಟು ಚಕ್ರವೆಂದು ಅರಸ ಕೇಳಿದ.

"ಒಂದೂ ಇಲ್ಲ, ಪ್ರಭು. ಬಾವಿಯ ಪಕ್ಕದಲ್ಲಿ ಸೊಂಟದೆತ್ತರದ ಒಂದು ಕಲ್ಲುಕಟ್ಟೆ. ಕೊಡ ಇಳಿಸಿ ಎತ್ತಿಕೊಳ್ಳುವುದಕ್ಕೆ."

"ಇಷ್ಟೇನಾ? ಇದು ಯಾರ ಬುದ್ಧಿ?"

ಆಚಾರ್ಯ ತಲೆ ತಗ್ಗಿಸಿ ಹೇಳಿದ: "ಸಂಕವ್ವನವರದು."