ಹಪ್ಪಳ ಕದ್ದ ಸೂರ್ಯ

ಒಂದಾನೊಂದು ಊರಿನಲ್ಲಿ ತಿಪ್ಪೇಂದ್ರ ಅಂತ ಒಬ್ಬ ರಾಜನಿದ್ದ. ಅವನಿಗೆ ಯುದ್ಧ ಬೇಡ, ಕಿರೀಟ ಬೇಡ, ಊಟಕ್ಕೊಂದು ಹಪ್ಪಳ ಬೇಕು. ಅದು ಕರುಂ ಅನ್ನಬೇಕು. ನಗಬೇಡಿ, ನಿಮ್ಮ ಮನೆಯಲ್ಲೂ ಅಂಥವರಿದ್ದಾರೆ.

ಒಂದು ದಿನ ರಾಜ ಹಸಿ ಹಪ್ಪಳ ತೂಗಿದ. ಬಿಸಿಲಲ್ಲಿ ಒಣಗಿದ ಮೇಲೆ ಮತ್ತೆ ತೂಗಿದ. ತೂಕ ಕಡಿಮೆ!

"ಸೂರ್ಯ ಕದ್ದಿದ್ದಾನೆ! ಗಡಿಪಾರು ಮಾಡಿ!" ಎಂದು ಕೂಗಿದ.

ಅರಮನೆಗೆ ಹಪ್ಪಳ ಮಾಡುವ ಸಾಕವ್ವ ಹೇಳಿದಳು, "ಬುದ್ಧೀ, ಒಲೆ ಮ್ಯಾಲೆ ಒಣಗಿಸಿದ್ರೂ ತೂಕ ಇಳೀತದೆ."

"ಒಲೆ ನಮ್ಮದು. ಮನೆಯವರು ತಗೊಂಡ್ರೆ ಕಳ್ಳತನ ಅಲ್ಲ."

ಊರಿನ ಕಂಬಳಿಗಳನ್ನೆಲ್ಲ ಹೊಲಿದು ಇಡೀ ಊರಿಗೆ ಚಪ್ಪರ ಹಾಕಿದರು. ಸೂರ್ಯ ಹೊರಗುಳಿದ. ಒಳಗೆ ಕತ್ತಲೆ. ಕತ್ತಲೆಗೆ ದೀಪ ಹಚ್ಚಿದರು. ದೀಪದಿಂದ ಸೆಕೆಯಾಯಿತು. ಸೆಕೆಗೆ ಎಂಜಿನ್ ಫ್ಯಾನು ತಂದರು. ಫ್ಯಾನಿನ ಸದ್ದಿನಲ್ಲಿ ರಾಜನಿಗೆ ಕರುಂ ಕೇಳಿಸಲಿಲ್ಲ. ಹಾಗಾಗಿ ಹತ್ತು ಹಪ್ಪಳ ಒಟ್ಟಿಗೆ ಕಡಿಯತೊಡಗಿದ. ಬಿಸಿಲಿಲ್ಲದೆ ಹತ್ತು ಹಪ್ಪಳ ಒಣಗಿಸಲು ಹತ್ತು ಒಲೆ. ಎಲ್ಲಕ್ಕೂ ಎಣ್ಣೆ ಬರುತ್ತಿದ್ದುದು ಅರಮನೆ ಹಿಂದಿನ ಸೀಮೆಎಣ್ಣೆ ಬಾವಿಯಿಂದ.

ಒಂದು ಬೆಳಿಗ್ಗೆ ಬಾವಿ ಕೆಮ್ಮಿತು. "ಇನ್ನು ಏಳೇ ಕೊಡ."

"ಮತ್ತೆ ತುಂಬಿಕೋ" ಎಂದ ರಾಜ.

"ಅದಕ್ಕೇನು! ಹೊಟ್ಟೆ ತುಂಬ ಪಾಚಿ ಹಾಕು. ಮೇಲೆ ಭಾರ ಹೇರು. ಮೂರು ಕೋಟಿ ವರ್ಷ ಕಾಯಿ."

"ಊಟದ ಹೊತ್ತಿಗೆ ಆದೀತಾ?"

ಬಾವಿ ಮತ್ತೊಮ್ಮೆ ಕೆಮ್ಮಿತು. ಏಳು ಕೊಡ ಮೇಲೆತ್ತಿದರು. ಬಾವಿಗೆ ಪಾಚಿ ತುಂಬಿದರು. ಊರಿಗೆಲ್ಲ ಭಾರದ ಮನುಷ್ಯ ಮಂತ್ರಿ ದೊಡ್ಡಬಸವಯ್ಯ. ಅವನನ್ನೇ ಹಲಗೆ ಹಾಕಿ ಅದರ ಮೇಲೆ ಕೂರಿಸಿದರು.

ಏಳು ಕೊಡ ಏಳು ದಿನಕ್ಕೆ ಮುಗಿಯಿತು. ಎಂಟನೇ ದಿನ ಒಣಗದ ಹಪ್ಪಳ ಬಾಯಲ್ಲಿ ಪಿಚಕ್ ಅಂತು.

"ಸಾಕವ್ವಾ! ನಾಳೆ ಕರುಂ ಅನ್ನದಿದ್ದರೆ ನೀನೂ ಮಂತ್ರಿ ಪಕ್ಕ ಕೂರು. ಮೂರು ಕೋಟಿ ವರ್ಷ!"

ಸಾಕವ್ವ ಮನೆಯ ಕಡೆ ನೋಡಿದಳು. ಮನೆಯಲ್ಲಿ ಮಗಳು ತುಂಬು ಬಸುರಿ. ಬಾಣಂತನ ಮಾಡುವವರು ಬೇರಾರೂ ಇಲ್ಲ.

"ಬುದ್ಧೀ," ಎಂದಳು, "ಕಳ್ಳನ್ನ ಗಡಿಪಾರು ಮಾಡಿದ್ರೆ ಅವನು ಹೊರಗೆ ಆರಾಮಾಗಿರ್ತಾನೆ. ಒಳಗೆ ಎಳಕೊಂಡು ದುಡಿಸಿ. ಹಪ್ಪಳನೂ ಅವನೇ ಒಣಗಿಸಲಿ, ಫ್ಯಾನೂ ಅವನೇ ತಿರುಗಿಸಲಿ. ಸಾಯೋವರ್ಗೂ!"

"ಆಹಾ, ಕಠಿಣ ಶಿಕ್ಷೆ!" ಎಂದು ರಾಜ ಕುಣಿದ.

ಕಂಬಳಿ ಕಿತ್ತರು. ಮರುದಿನ ಆರು ಗಂಟೆಗೆ ಸರಿಯಾಗಿ ಸೂರ್ಯ ತಾನಾಗಿಯೇ ಹಾಜರಾದ. "ಮುಖ ಕೆಂಪಾಗಿದೆ ನೋಡಿ, ಹೆದರಿದ್ದಾನೆ" ಎಂದ ರಾಜ. ಮಧ್ಯಾಹ್ನಕ್ಕೆ ಹಪ್ಪಳ ಕಾದ ಬಂಡೆಯ ಮೇಲೇ ಉಬ್ಬಿತು. ಕರುಂ! ಸಾಕವ್ವ ಮನೆಗೆ ಓಡಿದಳು. ಸಂಜೆಗೆ ಮೊಮ್ಮಗಳು ಹುಟ್ಟಿದಳು. ಛಾವಣಿಗಳ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಕಪ್ಪು ಹಲಗೆ ಹಾಸಿ ಫ್ಯಾನಿಗೂ ಸೂರ್ಯನನ್ನೇ ಹೂಡಿದರು. ಅವನು ಇಂದಿಗೂ ದುಡಿಯುತ್ತಿದ್ದಾನೆ.

ಈ ಗಡಿಬಿಡಿಯಲ್ಲಿ ಮಂತ್ರಿಗೆ 'ಏಳಿ' ಎನ್ನಲು ಎಲ್ಲರೂ ಮರೆತರು. ಪಾಪ, ಇನ್ನೂ ಕೂತಿದ್ದಾನೆ. ಎರಡು ಕೋಟಿ ತೊಂಬತ್ತೊಂಬತ್ತು ಲಕ್ಷ ಚಿಲ್ಲರೆ ವರ್ಷ ಬಾಕಿ. ಕತೆಯ ನೀತಿ ಬೇಕಾದವರು ಅವನನ್ನೇ ಹೋಗಿ ಕೇಳಿ. ನನ್ನ ಬಾಯಲ್ಲಿ ಹಪ್ಪಳವಿದೆ.