ಹಳೆಯ ಬೋಗಿಯ ದೊಡ್ಡಸ್ತಿಕೆ

ನಗರ ಬೆಳೆದಾಗ, ಅದರ ಒಂದೇ ಬೋಗಿಯ ರೈಲಿಗೆ ಇನ್ನೊಂದು ಬೋಗಿಯನ್ನು ಜೋಡಿಸಿದರು. ಜನರ ನೂಕುನುಗ್ಗಲಿಗೆ ದಿನವೂ ನರಳುತ್ತಿದ್ದ ಹಳೆಯ ಬೋಗಿ ಹೊಸಬಳನ್ನು ಕಂಡು ಮುಖ ಗಂಟು ಹಾಕಿಕೊಂಡಿತು.

“ನಿನ್ನನ್ನು ಕರೆದವರು ಯಾರು?”

“ನಿಮ್ಮ ನರಳಾಟವೇ ಕರೆಯಿತು, ಅಕ್ಕ.”

“ನಿನ್ನೆ ಬಣ್ಣ ಹಚ್ಚಿಸಿಕೊಂಡವಳಿಗೆ ಇಷ್ಟು ನಾಲಿಗೆಯೇ! ಈ ಊರನ್ನು ನಾನೊಬ್ಬಳೇ ಹೊತ್ತಿದ್ದೇನೆ. ನೀನು ಬಂದ ಮೇಲೆ ನನ್ನನ್ನು ಕೇಳುವವರು ಯಾರು? ಎಂಜಿನ್ ರಾಯರೇ, ಇವಳ ಬಾಗಿಲು ಮುಚ್ಚಿಯೇ ಇರಲಿ.”

“ಹಿರಿಯಳು ನೀನು, ನಿನ್ನ ಮಾತೇ ನಡೆಯಲಿ,” ಎಂದಿತು ಎಂಜಿನ್. “ತೆರೆಯಬೇಕೆನಿಸಿದಾಗ ನೀನೇ ಹೇಳು.”

ಮುಂದಿನ ನಿಲ್ದಾಣದಲ್ಲಿ ಜನ ಎಂದಿನಂತೆ ಹಳೆಯ ಬೋಗಿಗೇ ಮುಗಿಬಿದ್ದರು. ಅದು ಹೆಮ್ಮೆಯಿಂದ ಬೀಗಿತು. ಕೊನೆಗೆ ತುಂಬು ಬಸುರಿಯೊಬ್ಬಳು ಮೆಟ್ಟಿಲ ಮೇಲೆ ಕಾಲಿಟ್ಟಳು.

“ಜಾಗ ಇಲ್ಲಮ್ಮ, ಮುಂದಿನ ಗಾಡಿಗೆ ಬನ್ನಿ!” ಎಂದು ಒಳಗಿದ್ದವರು ಕೂಗಿದರು.

ಕಂಬಿ ಹಿಡಿದಿದ್ದ ಆಕೆಯ ಕೈ ಜಾರತೊಡಗಿತು. ಅತ್ತ ಗಾರ್ಡ್ ಹಸಿರು ಬಾವುಟ ಎತ್ತಿದ.

“ನಿಲ್ಲಿ ರಾಯರೇ!” ಹಳೆಯ ಬೋಗಿ ಚೀರಿತು. “ಹೊಸಬಳ ಬಾಗಿಲು ತೆಗೆಸಿ, ಬೇಗ!”

ಬಾಗಿಲು ತೆರೆಯಿತು. ಬಸುರಿ ಹೊಸ ಬೋಗಿಯ ಕಿಟಕಿಯ ಬಳಿ ಕುಳಿತು ನೆಮ್ಮದಿಯ ಉಸಿರು ಬಿಟ್ಟಳು. ಅರ್ಧದಷ್ಟು ಜನ ಅವಳ ಹಿಂದೆಯೇ ಅತ್ತ ನಡೆದರು. ರೈಲು ಹೊರಟಿತು.

“ಈಗ ಹೇಗಿದೆ, ಅಕ್ಕ?”

ಹಳೆಯ ಬೋಗಿ ಗತ್ತು ಬಿಡದೆ, “ಗಾಳಿ ಚೆನ್ನಾಗಿ ಬರುತ್ತಿದೆ,” ಎಂದಿತು.